ಪ್ರಶ್ನೋತ್ತರ: ಗಡಿಗೆ ಬೇಲಿ ಹಾಕಿದರೆ ಸಾಕೇ?

ಬಾಂಗ್ಲಾ ಗಡಿಯ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹಿಂದಿನ ಸಂಚಿಕೆಯಲ್ಲಿ ಸಂಪಾದಕರು ಪ್ರಕಟಿಸಿದ್ದೇ ತಡ, ಕಾಗದ, ಇ-ಮೇಲ್, ವಾಟ್ಸಾಪ್ ಎಲ್ಲ ಸೇರಿ ಒಂದು ಚೀಲ ಪ್ರಶ್ನೆ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಸವದತ್ತಿ ಕಡೆಯವನು. ಗಡಿ ಭದ್ರತಾ ಪಡೆಗೆ (ಬಿಎಸ್‌ಎಫ್) ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿ ಪಶ್ಚಿಮ ಬಂಗಾಳದ ನದಿಯಾ, ದಕ್ಷಿಣ ದಿನಾಜಪುರ, ಅಸ್ಸಾಂನ ಧುಬ್ರಿಗಳಲ್ಲಿ ಬೇಲಿ ಕಾದವನು. ಈಗ ಧಾರವಾಡದಲ್ಲಿ ಪೆನ್ಶನ್ ಮೇಲೆ ಇದ್ದೇನೆ. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ, ಇಲ್ಲಿರುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಟಿ.ವಿ. ಹಾಕಿದರೆ ದಿನಾ ನುಸುಳುಕೋರರ ಸುದ್ದಿ. ಇಷ್ಟು ವರ್ಷವಾದರೂ ಬಾಂಗ್ಲಾ ಗಡಿಗೆ ಪೂರ್ತಿ ಬೇಲಿ ಹಾಕಲು ಆಗಿಲ್ಲವೇಕೆ? ಒಮ್ಮೆ ಗಟ್ಟಿಯಾಗಿ ಗೋಡೆಯನ್ನೇ ಕಟ್ಟಿಬಿಟ್ಟರೆ ಈ ಅಕ್ರಮ ವಲಸೆ ನಿಲ್ಲುತ್ತದಲ್ಲವೇ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಮಾಸ್ತರೇ, ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096.7 ಕಿ.ಮೀ. ಇದರಲ್ಲಿ ಪಶ್ಚಿಮ ಬಂಗಾಳದ ಪಾಲೇ 2,216.7. ತ್ರಿಪುರಾ 856, ಮೇಘಾಲಯ 443, ಮಿಜೋರಾಂ 318. ಟಿ.ವಿ.ಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಕೇಳಿಬರುವ ಅಸ್ಸಾಂನದು ಬರೀ 263. ಗೃಹ ಸಚಿವಾಲಯ 2025ರ ಆರಂಭದಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ 3,232 ಕಿ.ಮೀ.ಗೆ ಬೇಲಿ ಆಗಿದೆ. ಉಳಿದದ್ದು ಸುಮಾರು 864. ಅದರಲ್ಲೂ 174 ಕಿ.ಮೀ.ಯಲ್ಲಿ ಬೇಲಿ ಹಾಕಲು ಬರುವುದೇ ಇಲ್ಲ ಎಂದು ಸರ್ಕಾರವೇ ಒಪ್ಪಿದೆ. ಅಂದರೆ ಐದರಲ್ಲಿ ಹತ್ತಿರ ಹತ್ತಿರ ನಾಲ್ಕು ಪಾಲು ಬೇಲಿ ನಿಂತಾಗಿದೆ. ಹಾಗಿದ್ದೂ ನೀವು ಈ ಪ್ರಶ್ನೆ ಕೇಳುತ್ತಿದ್ದೀರಿ ನೋಡಿ, ಅಲ್ಲಿಂದಲೇ ನನ್ನ ಅನುಮಾನ ಶುರುವಾಗುವುದು.

ಉಳಿದ ಭಾಗಕ್ಕೆ ಬೇಲಿ ಯಾಕಿಲ್ಲ? ಒಂದೊಂದು ಕಡೆ ಒಂದೊಂದು ಕಾರಣ. ಧುಬ್ರಿಯಲ್ಲಿ ಬ್ರಹ್ಮಪುತ್ರ ಬಾಂಗ್ಲಾಕ್ಕೆ ಇಳಿಯುವ ಜಾಗ ಇದೆಯಲ್ಲ, ಅಲ್ಲಿ 61 ಕಿ.ಮೀ. ಉದ್ದಕ್ಕೂ ನೀರು, ಮರಳು, ನಡುವೆ ‘ಚರ್’ ಎನ್ನುವ ನಡುಗಡ್ಡೆಗಳು. ಈ ವರ್ಷ ಇದ್ದ ಚರ್ ಮುಂದಿನ ಮಳೆಗಾಲಕ್ಕೆ ಇರುವುದಿಲ್ಲ, ಇನ್ನೊಂದು ಕಡೆ ಹೊಸದು ಏಳುತ್ತದೆ. ಕಂಬ ಎಲ್ಲಿ ಹುಗಿಯುತ್ತೀರಿ? 2019ರ ಮಾರ್ಚ್‌ನಲ್ಲಿ ಅಲ್ಲಿ ಸೆನ್ಸರ್, ಕ್ಯಾಮೆರಾ, ರೇಡಾರ್ ಜೋಡಿಸಿದ ವ್ಯವಸ್ಥೆಯೊಂದನ್ನು ಉದ್ಘಾಟಿಸಿದರು. ಒಳ್ಳೆಯದೇ. ಆದರೆ ಸೆನ್ಸರ್ ಕೂಗಿದ ಮೇಲೆ ಸ್ಪೀಡ್ ಬೋಟ್ ಹತ್ತಿ ಹೋಗಲು ಜವಾನನೇ ಬೇಕು. ಮುರ್ಷಿದಾಬಾದ್, ಮಾಲ್ದಾ ಕಡೆ ಗಂಗೆ ದಂಡೆಯನ್ನು ತಿನ್ನುತ್ತಲೇ ಇರುತ್ತಾಳೆ. ಸುಂದರಬನದಲ್ಲಿ ನಮ್ಮ ಔಟ್‌ಪೋಸ್ಟ್‌ಗಳೇ ಹಡಗಿನ ಮೇಲೆ ತೇಲುತ್ತವೆ. ಬಂಗಾಳದಲ್ಲಿ ಜಮೀನು ಸ್ವಾಧೀನದ ತಕರಾರು ಬೇರೆ. ಕೇಂದ್ರ ರಾಜ್ಯದ ಮೇಲೆ ಹೇಳುತ್ತದೆ, ರಾಜ್ಯ ಕೇಂದ್ರದ ಮೇಲೆ ಹೇಳುತ್ತದೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಈ ಕಡೆಯವರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಬೇಲಿ ಗಡಿಯ ಮೇಲಿಲ್ಲ. 1975ರಲ್ಲಿ ಎರಡೂ ದೇಶಗಳು ಒಪ್ಪಿಕೊಂಡ ನಿಯಮದಂತೆ ಜೀರೋ ಲೈನಿನಿಂದ, ಅಂದರೆ ನಿಜವಾದ ಗಡಿರೇಖೆಯಿಂದ, ಎರಡೂ ಕಡೆ 150 ಗಜದೊಳಗೆ ರಕ್ಷಣಾ ಸ್ವರೂಪದ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ. ಬೇಲಿಯೂ ಅದರಲ್ಲಿ ಸೇರುತ್ತದೆ ಎಂದು ಅವರು ವಾದಿಸುತ್ತಾರೆ, ಸೇರುವುದಿಲ್ಲ ಎಂದು ನಾವು. ಈ ಎಳೆದಾಟ ಹೊಸದೇನಲ್ಲ; 2025ರ ಜನವರಿಯಲ್ಲಿ ಮಾಲ್ದಾದ ಸುಕ್‌ದೇವ್‌ಪುರದಲ್ಲಿ ಕೆಲಸ ಶುರುವಾದಾಗ ಬಾಂಗ್ಲಾದ ಗಡಿ ಕಾವಲು ಪಡೆ ಬಿಜಿಬಿಯವರು ಬಂದು ತಡೆದರು, ಢಾಕಾದಲ್ಲಿ ನಮ್ಮ ಹೈಕಮಿಷನರರನ್ನು ಕರೆಸಿ ಆಕ್ಷೇಪಿಸಿದರು. ಹೀಗಾಗಿ ಬಹಳಷ್ಟು ಕಡೆ ಬೇಲಿ ನಮ್ಮ ನೆಲದೊಳಗೆ 150 ಗಜ ಹಿಂದೆ ಸರಿದು ನಿಂತಿದೆ, ಕೆಲವು ಕಡೆ ಇನ್ನೂ ಹಿಂದೆ. ಬೇಲಿಗೂ ಗಡಿಕಲ್ಲಿಗೂ ನಡುವೆ ಇರುವುದು ಭಾರತದ ಹೊಲ, ಭಾರತದ ಮನೆ, ಭಾರತದ ಮತದಾರ. ಅಲ್ಲಿ ಶಾಲೆ ಇವೆ, ಮಸೀದಿ ಇವೆ, ಕಾಳಿ ಗುಡಿ ಇವೆ.

ಈ ಜನ ಏನು ಮಾಡಬೇಕು? ಬೇಲಿಗೆ ಗೇಟ್ ಇದೆ. ದಿನಕ್ಕೆ ಗೊತ್ತುಮಾಡಿದ ಹೊತ್ತಿನಲ್ಲಿ ತೆಗೆಯುತ್ತೇವೆ. ರೈತ ಬಂದು ತನ್ನ ವೋಟರ್ ಕಾರ್ಡನ್ನು ಸಂತ್ರಿಯ ಕೈಗೆ ಕೊಟ್ಟು, ರಿಜಿಸ್ಟರಿನಲ್ಲಿ ಹೆಸರು ಬರೆಸಿ, ನೇಗಿಲು, ಎತ್ತು, ಗೊಬ್ಬರದ ಚೀಲ ಎಲ್ಲ ತೋರಿಸಿ ತನ್ನದೇ ಹೊಲಕ್ಕೆ ಹೋಗಬೇಕು. ಸಂಜೆ ವಾಪಸು ಬಂದು ಕಾರ್ಡ್ ತೆಗೆದುಕೊಳ್ಳಬೇಕು. ಬೇಲಿಯ ಆಚೆ ಮನೆ ಇರುವವನಿಗೆ ರಾತ್ರಿ ಹೆಂಡತಿಗೆ ಹೆರಿಗೆ ನೋವು ಬಂದರೆ ಪೋಸ್ಟಿಗೆ ಓಡಿಬಂದು ಗೇಟ್ ತೆಗೆಸಬೇಕು. ಅಂಥ ರಾತ್ರಿಗಳಲ್ಲಿ ನಾನೂ ಬೀಗದ ಕೈ ಹಿಡಿದು ಓಡಿದ್ದೇನೆ. ದಾವಣಗೆರೆಯಲ್ಲಿ ಕುಳಿತು ಗೋಡೆ ಎಂದರೆ ಕಣ್ಣಿಗೆ ಬರುವುದು ಕೋಟೆ. ಕೋಟೆಗೆ ಬಾಗಿಲು ನಾಲ್ಕಿರಬಹುದು. ನಮ್ಮ ಬೇಲಿಯಲ್ಲಿ ಕೆಲವು ಕಡೆ ಒಂದು ಊರು ಕಳೆಯುವುದರೊಳಗೆ ಎರಡು-ಮೂರು ಗೇಟು.

ದಕ್ಷಿಣ ದಿನಾಜಪುರದ ಹಿಲಿಗೆ ಒಮ್ಮೆ ಹೋಗಿ ನೋಡಬೇಕು ನೀವು. ಊರಿನ ಹೆಸರು ಎರಡೂ ಕಡೆ ಅದೇ. ರ‍್ಯಾಡ್‌ಕ್ಲಿಫ್ ಸಾಹೇಬರು 1947ರಲ್ಲಿ ದೇಶ ವಿಭಜನೆಯಾಗುವಾಗ ಹಳೆಯ ಠಾಣೆಗಳ ಸರಹದ್ದು ನೋಡಿಕೊಂಡು ನಕ್ಷೆಯ ಮೇಲೆ ಗೆರೆ ಎಳೆದರು. ರೈಲು ನಿಲ್ದಾಣ ಆಚೆಗೆ ಹೋಯಿತು, ಪೇಟೆಯ ಒಂದು ಭಾಗ ಈಚೆಗೆ ಉಳಿಯಿತು. ಹಿತ್ತಿಲ ಗೋಡೆಯೇ ಅಂತಾರಾಷ್ಟ್ರೀಯ ಗಡಿ ಆಗಿರುವ ಮನೆಗಳಿವೆ. ಅಲ್ಲಿ ಹೊಸ ಗೋಡೆ ಕಟ್ಟಬೇಕೆಂದರೆ ಮೊದಲು ಮನೆಗಳನ್ನು ಕೆಡವಬೇಕು.

ಇನ್ನು ಬೇಲಿ ಇರುವ ಕಡೆ ಅದು ಮಾಡುವ ಕೆಲಸ ಏನು? ಹೊತ್ತು ಕೊಡುತ್ತದೆ. ಅಷ್ಟೇ. ಮುಳ್ಳುತಂತಿ ಕತ್ತರಿಸಲು ಕಟ್ಟರ್ ಇದ್ದರೆ ಕೆಲವೇ ನಿಮಿಷ, ಬಿದಿರಿನ ಏಣಿ ಇದ್ದರೆ ಅದಕ್ಕಿಂತ ಕಡಿಮೆ. ಈಗ ಹಾಕುತ್ತಿರುವ ಹೊಸ ಮಾದರಿಯ ಬೇಲಿ ಕತ್ತರಿಸಲು, ಹತ್ತಲು ಕಷ್ಟ ಎನ್ನುತ್ತಾರೆ. ಹೆಚ್ಚು ಹೊತ್ತು ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆ ಹೊತ್ತಿನೊಳಗೆ ಜವಾನ ಅಲ್ಲಿಗೆ ತಲುಪಿದರೆ ಬೇಲಿ ಕೆಲಸ ಮಾಡಿತು, ಇಲ್ಲದಿದ್ದರೆ ಇಲ್ಲ. ಡಿಸೆಂಬರ್-ಜನವರಿಯಲ್ಲಿ ಉತ್ತರ ಬಂಗಾಳದ ಮಂಜು ಹೇಗಿರುತ್ತದೆಂದರೆ ಫ್ಲಡ್‌ಲೈಟ್ ಉರಿಯುತ್ತಿದ್ದರೂ ಅದರ ಕಂಬ ಕಾಣುವುದಿಲ್ಲ. ಮಳೆಗಾಲದಲ್ಲಿ ಸೆಣಬು ಆಳೆತ್ತರ ಮೀರಿ ಬೆಳೆದಿರುತ್ತದೆ, ಒಳಗೆ ಒಂದು ಮದುವೆ ದಿಬ್ಬಣವೇ ಕೂತಿದ್ದರೂ ಗೊತ್ತಾಗದು. ಬೇಲಿ ಪಕ್ಕ ಸೆಣಬು ಬೆಳೆಯಬೇಡಿ, ಗಿಡ್ಡ ಬೆಳೆ ಹಾಕಿ ಎಂದು ರೈತರ ಕೈಕಾಲು ಹಿಡಿಯುವುದೇ ನಮ್ಮ ಡ್ಯೂಟಿಯ ಒಂದು ಭಾಗವಾಗಿತ್ತು. ಅವರು ಕೇಳುತ್ತಿದ್ದರು, ಸೆಣಬಿನ ದುಡ್ಡು ನೀವು ಕೊಡುತ್ತೀರಾ ಸಾಹೇಬ?

ಎದುರು ಪಾರ್ಟಿಯೂ ನಿದ್ದೆ ಮಾಡುತ್ತಿರುವುದಿಲ್ಲ. ಆಚೆ ಕಡೆ ಒಬ್ಬ ದಲಾಲ, ಈಚೆ ಕಡೆ ಒಬ್ಬ, ನಡುವೆ ‘ಲೈನ್‌ಮ್ಯಾನ್’. ಈ ಲೈನ್‌ಮ್ಯಾನ್‌ನ ಕೆಲಸ ನಮ್ಮನ್ನು ಕಾಯುವುದು! ಯಾವ ಪಾಳಿ ಎಷ್ಟು ಹೊತ್ತಿಗೆ ಬದಲಾಗುತ್ತದೆ, ಯಾರು ಸೈಕಲ್ ಮೇಲೆ ಬರುತ್ತಾರೆ, ಯಾವ ಜವಾನನಿಗೆ ಜ್ವರ ಬಂದಿದೆ, ಅವನಿಗೆ ನಮ್ಮ ಕಂಪನಿ ಕಮಾಂಡರ್‌ಗಿಂತ ಚೆನ್ನಾಗಿ ಗೊತ್ತು. ಚಹಾದ ಅಂಗಡಿ ಇಟ್ಟುಕೊಂಡೇ ಕೂತಿರುತ್ತಾನೆ. ದಾಟಿಸುವ ಜನರನ್ನು ಅಲ್ಲಿ ‘ಧುರ್’ ಎನ್ನುತ್ತಾರೆ. ತಲೆಗೆ ಇಷ್ಟು ಎಂದು ದರ. ಬೇಲಿ ಗಟ್ಟಿಯಾದಷ್ಟೂ ದರ ಏರುತ್ತದೆ. ದರ ಏರಿದಷ್ಟೂ ಸಣ್ಣಪುಟ್ಟ ದಲಾಲರು ಬಿಟ್ಟುಹೋಗಿ ದೊಡ್ಡ ಕುಳಗಳು ಬರುತ್ತವೆ. ಸಾಲ ಮಾಡಿ ಬಂದ ಧುರ್ ಆ ಸಾಲ ತೀರುವವರೆಗೆ ದಲಾಲ ಹೇಳಿದ ಕಡೆ ದುಡಿಯಬೇಕು.

ಹಾಗಂತ ಬೇಲಿ ದಂಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಪೋಸ್ಟಿನ ಊರಿನ ಹೆಂಗಸರೇ ನನಗೆ ಬಯ್ಯುತ್ತಾರೆ. ಬೇಲಿ ಬರುವ ಮುಂಚೆ ಆ ಊರುಗಳಲ್ಲಿ ರಾತ್ರಿ ದನ ಕಟ್ಟಿ ಮಲಗಿದರೆ ಬೆಳಗ್ಗೆ ಗೂಟ ಮಾತ್ರ ಇರುತ್ತಿತ್ತು. ಪಂಪ್‌ಸೆಟ್ ಬಿಚ್ಚಿಕೊಂಡು ಹೋಗುತ್ತಿದ್ದರು. ಡಕಾಯಿತಿ ಆಗುತ್ತಿತ್ತು. ಬೇಲಿ, ಅದರ ಪಕ್ಕದ ಗಸ್ತು ರಸ್ತೆ, ಫ್ಲಡ್‌ಲೈಟ್ ಮೂರೂ ಬಂದ ಮೇಲೆ ದನಗಳ ಹಿಂಡು ದಾಟಿಸುವುದು ಬಹಳ ಕಷ್ಟವಾಯಿತು. ಹಿಂಡಿಗೆ ಏಣಿ ಹಾಕಲು ಬರುವುದಿಲ್ಲವಲ್ಲ! ಮನುಷ್ಯನಿಗೆ ಬರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಆದ್ದರಿಂದ ನನ್ನ ಉತ್ತರ: ಬೇಲಿ ಜವಾನನ ಕೈಯ ಉಪಕರಣ, ಟಾರ್ಚ್ ಇದ್ದ ಹಾಗೆ. ಇಷ್ಟು ದುಡ್ಡು ಬೇಲಿಗೆ ಸುರಿದು, ಒಂದು ಪೋಸ್ಟಿಗೂ ಇನ್ನೊಂದಕ್ಕೂ 3.5 ಕಿ.ಮೀ. ಅಂತರಕ್ಕಿಂತ ಹೆಚ್ಚಿರಬಾರದು ಎಂಬ ಗುರಿ ಇಟ್ಟುಕೊಂಡೂ, ರಾತ್ರಿ ಪಾಳಿಯಲ್ಲಿ ಇಬ್ಬರು ಹುಡುಗರಿಗೆ ಅರ್ಧ ಕಿಲೋಮೀಟರು ಒಪ್ಪಿಸಿದರೆ ಏನು ಸಿಗುತ್ತದೋ ಅದೇ ಸಿಕ್ಕಿದೆ. ದುಡ್ಡಿದ್ದರೆ ನಾನು ಗೋಡೆಗಿಂತ ಮೊದಲು ಜನ, ದೋಣಿ, ಮತ್ತು ಗೇಟ್ ಹತ್ತಿರ ಇನ್ನೊಂದು ಮಹಿಳಾ ಕಾನ್‌ಸ್ಟೇಬಲ್ ಹುದ್ದೆ ಕೇಳುತ್ತೇನೆ.

ಪ್ರಶ್ನೆ: ಬೇಲಿಯೇ ಎದ್ದು ಹೊಲ ಮೇಯ್ದರೆ?
— ಓದುಗ, ಗದಗ

ಮೇಯ್ದದ್ದುಂಟು. 2020ರಲ್ಲಿ ಸಿಬಿಐ ಜಾನುವಾರು ಕಳ್ಳಸಾಗಣೆ ಪ್ರಕರಣದಲ್ಲಿ ಬಿಎಸ್‌ಎಫ್‌ನ ಕಮಾಂಡೆಂಟ್ ಒಬ್ಬರನ್ನೇ ಬಂಧಿಸಿತು. ಪಡೆಯ ಮಾನ ಮುಚ್ಚಲು ಬೇರೆ ಏನಾದರೂ ಹೇಳಬಹುದು, ಆದರೆ ನೀವು ನಂಬುವುದಿಲ್ಲ. ಗೋಡೆ ಎಷ್ಟೇ ಎತ್ತರ ಇರಲಿ, ಗೇಟಿನ ಬೀಗದ ಕೈ ಸಂಬಳ ತೆಗೆದುಕೊಳ್ಳುವ ಮನುಷ್ಯನ ಹತ್ತಿರವೇ ಇರುತ್ತದೆ.

ಪ್ರಶ್ನೆ: ಸರ್, ಇಸ್ರೇಲ್ ಗೋಡೆ ಕಟ್ಟಿ ಒಳನುಸುಳುವಿಕೆಯನ್ನು ಸೊನ್ನೆಗೆ ತಂದಿತು. ಅಮೆರಿಕವೂ ಕಟ್ಟಿದೆ. ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ತಮ್ಮಾ, ಇಸ್ರೇಲ್ ಬಗ್ಗೆ ನೀನು ಹೇಳುವುದು ಬಹುಮಟ್ಟಿಗೆ ಸರಿ. ಈಜಿಪ್ಟ್ ಜೊತೆಗಿನ ಅವರ ಗಡಿ ಸುಮಾರು 240 ಕಿ.ಮೀ. 2011ರಲ್ಲಿ ಎರಿಟ್ರಿಯಾ, ಸುಡಾನ್ ಕಡೆಯಿಂದ ಸಿನಾಯ್ ಮರುಭೂಮಿ ದಾಟಿ ಸುಮಾರು 17,000 ಜನ ಒಳಗೆ ಬಂದಿದ್ದರು. ಬೇಲಿ ಮುಗಿದ ಮೇಲೆ 2013ರಲ್ಲಿ ಬಂದವರು ನೂರಕ್ಕಿಂತ ಕಡಿಮೆ. ಬೇಲಿಯಿಂದ ಏನೂ ಆಗುವುದಿಲ್ಲ ಎನ್ನುವವರು ಈ ಅಂಕಿಯನ್ನು ಬದಿಗಿಡುತ್ತಾರೆ, ಅದು ಸರಿಯಲ್ಲ.

ಆದರೆ ಎಂಜಿನಿಯರ್ ಆಗುವವನು ಸೈಟ್ ನೋಡಬೇಕು. 240 ಕಿ.ಮೀ. ಎಂದರೆ ಹೆಚ್ಚುಕಡಿಮೆ ತ್ರಿಪುರಾ ಗಡಿಯ ಕಾಲು ಭಾಗ. ಬಹುಪಾಲು ಬರಡು ಮರುಭೂಮಿ, ನದಿ ಇಲ್ಲ, ಸೆಣಬಿಲ್ಲ, ಬೇಲಿ ಆಚೆ ಹೊಲ ಇರುವ ಇಸ್ರೇಲಿ ರೈತನಿಲ್ಲ. ಹಿಂದೆ ಸೈನ್ಯ ನಿಂತಿದೆ. ಜೊತೆಗೆ 2012ರಲ್ಲಿ, ದಾಟಿ ಬಂದವರನ್ನು ಮೂರು ವರ್ಷದವರೆಗೆ ಬಂಧನದಲ್ಲಿಡುವ ಕಾನೂನು ಜಾರಿಯಾಯಿತು. ಮರುವರ್ಷ ಅವರದೇ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಬೇಲಿಯ ಪಾಲೆಷ್ಟು, ಕಾನೂನಿನ ಭಯದ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಗಿಡ್ಡ ಗಡಿ, ಖಾಲಿ ನೆಲ, ತುಂಬ ಕಾವಲು. ಈ ಮೂರೂ ಇದ್ದಲ್ಲಿ ಬೇಲಿ ಗೆಲ್ಲುತ್ತದೆ.

ಅಮೆರಿಕದ ಕಥೆ ಬೇರೆ. ಮೆಕ್ಸಿಕೊ ಜೊತೆ ಅವರ ಗಡಿ ಸುಮಾರು 3,145 ಕಿ.ಮೀ. 1994ರಲ್ಲಿ ಸ್ಯಾನ್ ಡಿಯೇಗೊ ಹತ್ತಿರ ‘ಆಪರೇಷನ್ ಗೇಟ್‌ಕೀಪರ್’ ಎಂದು ಬೇಲಿ, ದೀಪ, ಪೊಲೀಸ್ ಎಲ್ಲ ಹೆಚ್ಚಿಸಿದರು. ಅಲ್ಲಿ ದಾಟುವವರು ಕಡಿಮೆಯಾದರು, ಪೂರ್ವಕ್ಕೆ ಅರಿಜೋನಾದ ಮರುಭೂಮಿಯಲ್ಲಿ ಹೆಚ್ಚಾದರು. ಬಿಸಿಲಿನಲ್ಲಿ ನೀರಿಲ್ಲದೆ ಸತ್ತವರೂ ಹೆಚ್ಚಾದರು. ಇನ್ನೊಂದು ಸಂಗತಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಾಸ್ ಮ್ಯಾಸಿ ಎಂಬ ಸಮಾಜಶಾಸ್ತ್ರಜ್ಞರು ವರ್ಷಗಟ್ಟಲೆ ಮೆಕ್ಸಿಕನ್ ಕುಟುಂಬಗಳನ್ನು ಮಾತಾಡಿಸಿ ತೋರಿಸಿದ್ದು: ಮೊದಲು ಸುಗ್ಗಿಗೆ ಬಂದು ದುಡಿದು ಊರಿಗೆ ಮರಳುತ್ತಿದ್ದ ಗಂಡಸರು, ಗಡಿ ಬಿಗಿಯಾದ ಮೇಲೆ ವಾಪಸು ಹೋಗುವುದನ್ನೇ ನಿಲ್ಲಿಸಿದರು. ಹೋದರೆ ಮತ್ತೆ ಬರಲಾಗುವುದಿಲ್ಲ ಎಂಬ ಹೆದರಿಕೆ. ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಹೊರಗಿಡಲು ಹಾಕಿದ ಬೇಲಿ ಒಳಗಿದ್ದವರನ್ನು ಒಳಗೇ ಇಟ್ಟಿತು.

ಅಲ್ಲಿನ ಬೇಲಿಯೂ ಬಹಳ ಕಡೆ ಗಡಿಗಿಂತ ಒಳಗೇ ಇದೆ. ಟೆಕ್ಸಾಸ್‌ನಲ್ಲಿ ರಿಯೋ ಗ್ರಾಂಡ್ ನದಿಯ ಕಾರಣ. ಆಶ್ರಯ ಕೇಳುವವನು ಬಹುಕಾಲ ಗೋಡೆ ಹತ್ತುವುದೇ ಬೇಕಿರಲಿಲ್ಲ. ಅದರ ಬುಡಕ್ಕೆ ಬಂದು ನಿಂತರೆ ಆಗಲೇ ಅಮೆರಿಕದ ನೆಲ, ಗಸ್ತಿನವರಿಗೆ ತಾನಾಗಿಯೇ ಕೈಯೊಡ್ಡುತ್ತಿದ್ದ.

ನಮ್ಮ ದೇಶದವರ ಉದಾಹರಣೆಯನ್ನೇ ತೆಗೆದುಕೋ. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಎಂಬ ಊರಿನ ಒಂದು ಸಂಸಾರದ ನಾಲ್ವರು, ಇಬ್ಬರು ಮಕ್ಕಳು ಸೇರಿ, ಕೆನಡಾದಿಂದ ಅಮೆರಿಕಕ್ಕೆ ನಡೆದು ದಾಟುವಾಗ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಅಲ್ಲಿ ಗೋಡೆ ಇರಲಿಲ್ಲ, ಚಳಿ ಇತ್ತು. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ, ಕೈಗೆ ಕೋಳ ಹಾಕಿ? ಅವರಲ್ಲಿ ಅನೇಕರು ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು, ಹತ್ತು ದೇಶ ಸುತ್ತಿ, ಗೋಡೆ ಇರುವ ಗಡಿಯಿಂದಲೇ ಒಳಗೆ ಹೋಗಿದ್ದವರು. ಇನ್ನು ವೀಸಾ ಪಡೆದು ವಿಮಾನದಲ್ಲಿ ಠಾಕುಠೀಕಾಗಿ ಇಳಿದು, ಅವಧಿ ಮುಗಿದ ಮೇಲೂ ಉಳಿದವರು? 2019ರ ಒಂದೇ ಹಣಕಾಸು ವರ್ಷದಲ್ಲಿ ಅಂಥ ಪ್ರಕರಣಗಳು ಆರೂವರೆ ಲಕ್ಷ ಮೀರಿದ್ದವೆಂದು ಅಮೆರಿಕ ಸರ್ಕಾರದ್ದೇ ಲೆಕ್ಕ. ಏರ್‌ಪೋರ್ಟಿನಲ್ಲಿ ಎಷ್ಟಡಿ ಗೋಡೆ ಕಟ್ಟಬೇಕು, ನೀನೇ ಡಿಸೈನ್ ಮಾಡಿ ಕಳಿಸು.

ಪ್ರಶ್ನೆ: ಬೇಲಿ ಹತ್ತಿದವರಿಗೆ ಸುಮ್ಮನೆ ಗುಂಡು ಹಾಕಿದರೆ ಮತ್ತೊಬ್ಬ ಬರುತ್ತಾನೆಯೇ?
— ವ್ಯಾಪಾರಿ, ವಿಜಯಪುರ

2011ರ ಜನವರಿ 7ರ ಬೆಳಗಿನ ಜಾವ ಕೂಚ್ ಬಿಹಾರದ ಗಡಿಯಲ್ಲಿ ಹಾಗೆ ಗುಂಡು ಹಾರಿತು. ಸತ್ತದ್ದು 15 ವರ್ಷದ ಹುಡುಗಿ. ಬಟ್ಟೆ ಮುಳ್ಳುತಂತಿಗೆ ಸಿಕ್ಕಿಕೊಂಡು ಕಿರುಚಿದ್ದಳು. ಹೆಣ ಗಂಟೆಗಟ್ಟಲೆ ಬೇಲಿಯ ಮೇಲೆ ತೂಗಿತು. ಆ ಫೋಟೋ ಲೋಕವೆಲ್ಲ ಸುತ್ತಿತು. ಗುಂಡು ಹಾರಿಸಿದ ಕಾನ್‌ಸ್ಟೇಬಲ್‌ನನ್ನು ಪಡೆಯ ನ್ಯಾಯಾಲಯ 2013ರಲ್ಲಿ ನಿರ್ದೋಷಿ ಎಂದಿತು, ಮರುಪರಿಶೀಲನೆಯಲ್ಲೂ ಅದೇ ತೀರ್ಪು. ತೀರ್ಪಿನ ಬಗ್ಗೆ ನಾನು ಮಾತಾಡುವುದಿಲ್ಲ. ಒಂದು ಸಂಗತಿ ಮಾತ್ರ ನಿಮಗೆ ತಿಳಿದಿರಲಿ: ಆ ಹುಡುಗಿ ಭಾರತಕ್ಕೆ ಬರುತ್ತಿರಲಿಲ್ಲ. ತಂದೆಯ ಜೊತೆ ತನ್ನ ಊರಿಗೆ ಮರಳುತ್ತಿದ್ದಳು, ಮದುವೆ ಗೊತ್ತಾಗಿತ್ತು.

ನಿಮ್ಮ ಮಾತಿಗೆ ಕಾನೂನಿನ ಉತ್ತರವೂ ಇದೆ. ಗಡಿ ದಾಟುವುದು ಅಪರಾಧ, ಅದಕ್ಕೆ ಶಿಕ್ಷೆ ಜೈಲು, ಮರಣದಂಡನೆಯಲ್ಲ. ಜವಾನ ಪ್ರಾಣರಕ್ಷಣೆಗೆ ಗುಂಡು ಹಾರಿಸಬಹುದು. ಕಳ್ಳಸಾಗಣೆದಾರರು ಕತ್ತಿ, ಕುಡುಗೋಲು ಹಿಡಿದು ಮೇಲೆ ಬಿದ್ದ ಪ್ರಸಂಗಗಳು ಬೇಕಾದಷ್ಟಿವೆ, ನಮ್ಮ ಹುಡುಗರೂ ಸತ್ತಿದ್ದಾರೆ, ಕೈ ಕಳೆದುಕೊಂಡಿದ್ದಾರೆ. ಕತ್ತಲಲ್ಲಿ ಯಾರು ಕತ್ತಿ ಹಿಡಿದವನು, ಯಾರು ಕೂಸು ಎತ್ತಿಕೊಂಡವಳು ಎಂದು ತಿಳಿಯುವುದಕ್ಕೆ ಮುಂಚೆ ಟ್ರಿಗರ್ ಒತ್ತು ಎಂದು ನೀವು ಹೇಳುತ್ತಿದ್ದೀರಿ. ಹೇಳುವುದು ಸುಲಭ ರೀ.

ಪ್ರಶ್ನೆ: ದೇಶದಲ್ಲಿ ಅಕ್ರಮ ಬಾಂಗ್ಲಾದೇಶೀಯರು ಒಟ್ಟು ಎಷ್ಟು ಮಂದಿ?
— ಓದುಗರು, ತುಮಕೂರು

2004ರಲ್ಲಿ ಕೇಂದ್ರದ ಗೃಹ ರಾಜ್ಯ ಸಚಿವರು ಸಂಸತ್ತಿನಲ್ಲಿ 1.2 ಕೋಟಿ ಎಂದರು. ಕೆಲವೇ ದಿನಗಳಲ್ಲಿ ಆ ಅಂಕಿ ನಂಬಲರ್ಹವಲ್ಲ ಎಂದು ಹಿಂದೆ ಸರಿದರು. 2016ರಲ್ಲಿ ಇನ್ನೊಂದು ಸರ್ಕಾರದ ಗೃಹ ರಾಜ್ಯ ಸಚಿವರು 2 ಕೋಟಿ ಎಂದರು. ಅಸ್ಸಾಂನಲ್ಲಿ ಮನೆಮನೆಯ ದಾಖಲೆ ಜಾಲಾಡಿ ಮಾಡಿದ ಎನ್‌ಆರ್‌ಸಿಯ (ಪೌರರ ರಾಷ್ಟ್ರೀಯ ನೋಂದಣಿ) ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಬಂದಾಗ ಹೊರಗುಳಿದವರು 19.06 ಲಕ್ಷ. ಅದನ್ನು ಬೇಡಿದವರಿಗೂ ಅದು ಒಪ್ಪಿಗೆಯಾಗಲಿಲ್ಲ, ಬೇಡದವರಿಗೂ ಆಗಲಿಲ್ಲ. ಕದ್ದು ಬಂದವನು ತಲೆ ಎಣಿಸಿಕೊಳ್ಳಲು ನಿಲ್ಲುವುದಿಲ್ಲ. ಯಾರಾದರೂ ನಿಮಗೆ ಖಚಿತ ಸಂಖ್ಯೆ ಹೇಳಿದರೆ, ಯಾವ ಚುನಾವಣೆ ಹತ್ತಿರ ಇದೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ತೋಟದ ಲೈನ್ ಮನೆಗಳಲ್ಲಿ ಈಗ ಇರುವವರೆಲ್ಲ ಅಸ್ಸಾಂ ಕಾರ್ಮಿಕರು. ಇವರಿಲ್ಲದಿದ್ದರೆ ಕಾಫಿ ಕೊಯ್ಲೇ ಇಲ್ಲ. ಆದರೆ ಅವರು ನಿಜವಾಗಿ ಅಸ್ಸಾಂನವರೋ ಬಾಂಗ್ಲಾದವರೋ ಎಂದು ತಿಳಿಯುವುದು ಹೇಗೆ? ಎಲ್ಲರ ಹತ್ತಿರವೂ ಆಧಾರ್ ಇದೆ.
— ಬೆಳೆಗಾರರು, ಸಿದ್ದಾಪುರ, ಕೊಡಗು

ಮೊದಲನೆಯದಾಗಿ, ಭಾಷೆ ನೋಡಿ ತೀರ್ಮಾನಿಸಬೇಡಿ. ಧುಬ್ರಿ, ಕಾಛಾರ್, ಮುರ್ಷಿದಾಬಾದ್, ಮಾಲ್ದಾ ಇಲ್ಲೆಲ್ಲ ಬಂಗಾಳಿ ಆಡುವ, ಲುಂಗಿ ಉಡುವ, ನಮಾಜು ಮಾಡುವ ಲಕ್ಷಾಂತರ ಜನ ತಲೆತಲಾಂತರದಿಂದ ಇಲ್ಲಿಯವರೇ. ನಿಮ್ಮ ತೋಟಕ್ಕೆ ಬರುವವರಲ್ಲಿ ಬಹುಪಾಲು ಅವರೇ ಇರುತ್ತಾರೆ. ನದಿ ಹೊಲ ನುಂಗಿದ್ದರಿಂದ ಊರು ಬಿಟ್ಟವರು. ಧುಬ್ರಿಯ ಚರ್‌ಗಳಲ್ಲಿ ಒಂದೇ ಜೀವಮಾನದಲ್ಲಿ ಹಲವು ಸಲ ಮನೆ ಕಿತ್ತು ಕಟ್ಟಿದವರನ್ನು ನೋಡಿದ್ದೇನೆ. ಅವರ ಮಾತು ಗಡಿಯಾಚೆಯವರ ಮಾತಿನಂತೆಯೇ ಕೇಳಿಸುತ್ತದೆ. ಬಿಎಸ್‌ಎಫ್‌ನಲ್ಲಿ ವರ್ಷಗಟ್ಟಲೆ ಇದ್ದ ನನಗೇ ಮಾತಿನ ಮೇಲೆ ಹೇಳಲು ಬರುತ್ತಿರಲಿಲ್ಲ.

ಆಧಾರ್ ಪೌರತ್ವದ ಪುರಾವೆಯಲ್ಲ. 2016ರ ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ, ಅದು ಇಲ್ಲಿ ವಾಸವಿರುವವನಿಗೆ ಕೊಡುವ ಸಂಖ್ಯೆ. ವೋಟರ್ ಕಾರ್ಡ್ ಕೇಳಿ, ಅದರ ನಂಬರನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ಹಾಕಿ ನೋಡಿ. ಜನನ ಪ್ರಮಾಣಪತ್ರ, ಶಾಲೆಯ ಸರ್ಟಿಫಿಕೇಟ್, ತಂದೆಯ ಹೆಸರಿನ ಜಮೀನು ಕಾಗದ ಇದ್ದರೆ ಇನ್ನೂ ಒಳ್ಳೆಯದು. ಅಸ್ಸಾಂನವರಾದರೆ ‘ಲೆಗಸಿ’ ಕಾಗದ ಇದೆಯೇ ಎಂದು ಕೇಳಿ. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚೆ ತಮ್ಮ ಹಿರಿಯರು ಇಲ್ಲಿದ್ದರು ಎಂದು ತೋರಿಸುವ ಆ ಕಾಗದಕ್ಕಾಗಿ ಅಸ್ಸಾಂನ ಬಡವರು ಎಮ್ಮೆ ಮಾರಿ ಕಚೇರಿ ಅಲೆದಿದ್ದಾರೆ. ಇದ್ದವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿರುತ್ತಾರೆ. ಊರಿನ ಮುಖಂಡ ಗಾಂವ್‌ಬುಢಾನ ಫೋನ್ ನಂಬರ್ ಕೇಳಿ ಮಾತಾಡಿ. ಎಲ್ಲರ ಪಟ್ಟಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ತನಿಖೆ ಮಾಡುವುದು ಪೊಲೀಸರ ಕೆಲಸ. ನೀವಾಗಲಿ, ನಿಮ್ಮೂರಿನ ಹುಡುಗರ ಗುಂಪಾಗಲಿ ರಾತ್ರಿ ಲೈನ್ ಮನೆ ಬಾಗಿಲು ಬಡಿಯುವಂತಿಲ್ಲ.

ಜನ ಕರೆತರುವ ಮೇಸ್ತ್ರಿಯನ್ನು ಕೂರಿಸಿ ಕೇಳಿ, ಎಲ್ಲಿಂದ ತಂದೆ, ಯಾರ ಮೂಲಕ ತಂದೆ ಎಂದು. ಕಾಗದ ಇಲ್ಲದವನು ಕಡಿಮೆ ಕೂಲಿಗೆ ಬರುತ್ತಾನೆ, ಪಿ.ಎಫ್. ಕೇಳುವುದಿಲ್ಲ, ಜಗಳ ತೆಗೆಯುವುದಿಲ್ಲ. ಹಾಗಾಗಿ ಅವನನ್ನೇ ಹುಡುಕುವ ಮಾಲೀಕರೂ ಇದ್ದಾರೆ. ನೀವು ಅಂಥವರಲ್ಲ ಎಂದು ನಿಮ್ಮ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಆದರೆ ನದಿಯಾದ ಬೇಲಿ ಎಷ್ಟು ಗಟ್ಟಿ ಎಂಬುದನ್ನು ಬೆಂಗಳೂರಿನ ಕಟ್ಟಡದ ಕಂಟ್ರಾಕ್ಟರೂ ನಿರ್ಧರಿಸುತ್ತಾನೆ. ನಮ್ಮಲ್ಲಿ ಚರ್ಚೆಯೆಲ್ಲ ಬೇಲಿಯ ಎತ್ತರದ ಬಗ್ಗೆ. ಕದ್ದು ಬಂದವನಿಗೆ ಅರ್ಧ ಕೂಲಿ ಕೊಟ್ಟು ದುಡಿಸಿಕೊಂಡವನನ್ನು ಜೈಲಿಗೆ ಹಾಕಿದ ಸುದ್ದಿ ನೀವು ಎಷ್ಟು ಸಲ ಓದಿದ್ದೀರಿ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನವನು. ಮನೆಯಲ್ಲಿ ಬಂಗಾಳಿ, ಹೊರಗೆ ಕನ್ನಡ. ಬೆಂಗಳೂರಿನಲ್ಲಿ ರೂಮು ಕೇಳಲು ಹೋದಾಗ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದಕ್ಕೆ ‘ಬಾಂಗ್ಲಾದವನಾ?’ ಎಂದರು. ಏನು ಹೇಳಬೇಕು?
— ಯುವಕ, ಬೆಂಗಳೂರು

ಸಿಂಧನೂರಿನವನು ಎಂದು ಹೇಳಪ್ಪ, ಅದು ನಿಜ ತಾನೇ? ಬೇರೆ ಓದುಗರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಂಡು ಬಂದ ಕುಟುಂಬಗಳಿಗೆ ಕೇಂದ್ರ ಸರ್ಕಾರವೇ ತುಂಗಭದ್ರಾ ನೀರಾವರಿ ಪ್ರದೇಶದಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ರಾಯಚೂರು ಜಿಲ್ಲೆಯ ಆ ಪುನರ್ವಸತಿ ಕ್ಯಾಂಪುಗಳಲ್ಲಿ ಇವತ್ತು ಬತ್ತ ಬೆಳೆಯುವವರು ಅವರ ಮಕ್ಕಳು, ಮೊಮ್ಮಕ್ಕಳು. ನಿನ್ನ ಅಜ್ಜ ಬಂದಾಗ ಬೇಲಿ ಇರಲಿಲ್ಲ. ಬೇಲಿಯ ಮಾತು ಗಟ್ಟಿಯಾದದ್ದು 1985ರ ಅಸ್ಸಾಂ ಒಪ್ಪಂದದ ಹೊತ್ತಿಗೆ. ಆಗಲೇ ಇದ್ದಿದ್ದರೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಹಳ್ಳಿಗೆ ಬೆಂಕಿ ಬಿದ್ದು ಓಡಿಬಂದವನಿಗೂ, ಹೆಚ್ಚಿನ ಕೂಲಿಗೆ ಬಂದವನಿಗೂ, ಸ್ಮಗ್ಲರನಿಗೂ ಬೇಲಿಯ ಮುಳ್ಳು ಒಂದೇ. ಯಾರು ಯಾರೆಂದು ಕೇಳಿ ತಿಳಿಯುವುದು ಕಚೇರಿಯ, ಕೋರ್ಟಿನ ಕೆಲಸ. ಆ ಕೆಲಸ ನಮ್ಮಲ್ಲಿ ಎಷ್ಟು ನಿಧಾನ ಎಂದು ನಿಮ್ಮ ಕ್ಯಾಂಪಿನ ಹಿರಿಯರನ್ನು ಕೇಳು.

ರೂಮು ಸಿಗದಿದ್ದರೆ ನಮ್ಮ ಸಂಪಾದಕರಿಗೆ ಬರೆ. ಬೆಂಗಳೂರಿನಲ್ಲಿ ನಮ್ಮ ಪಡೆಯ ನಿವೃತ್ತರು ಬಹಳ ಮಂದಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರಿಗೆ ಬಂಗಾಳಿ ಕೇಳಿ ಹೆದರಿಕೆ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗ ಬಿಎಸ್‌ಎಫ್‌ಗೆ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾಗಿದ್ದಾನೆ. ಟ್ರೇನಿಂಗ್ ಮುಗಿದ ಮೇಲೆ ಬಂಗಾಳದ ಗಡಿಗೆ ಹಾಕುತ್ತಾರಂತೆ. ಏನೇನು ಕಳಿಸಬೇಕು, ಏನು ಹೇಳಿ ಕಳಿಸಬೇಕು?
— ತಾಯಿ, ಗೋಕಾಕ ತಾಲ್ಲೂಕು

ಅಕ್ಕಾರ, ಖುಷಿಯಾಯಿತು. ಪಡೆಯವರು ಬಟ್ಟೆ, ಬೂಟು, ಸೊಳ್ಳೆಪರದೆ ಎಲ್ಲ ಕೊಡುತ್ತಾರೆ. ನೀವು ಇನ್ನೊಂದು ಒಳ್ಳೆಯ ಸೊಳ್ಳೆಪರದೆ ಕಳಿಸಿ, ಮಲೇರಿಯಾ ಗುಂಡಿಗಿಂತ ಕೆಟ್ಟದ್ದು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಕೊಳೆಯುತ್ತದೆ, ಹತ್ತಿಯ ಕಾಲುಚೀಲ ನಾಲ್ಕು ಜೋಡಿ ಹೆಚ್ಚಿಗೆ ಇರಲಿ, ಪೌಡರ್ ಇರಲಿ. ಶೇಂಗಾ ಚಟ್ನಿ, ಖಾರಬ್ಯಾಳಿ ಕಟ್ಟಿ ಕೊಡಿ. ರೊಟ್ಟಿ ಎರಡು ದಿನ ಮಾತ್ರ ಮೆಸ್ಸಿನಲ್ಲಿ ಉಳಿಯುತ್ತದೆ, ಪಂಜಾಬಿ ಹುಡುಗರು ತಿಂದು ಮುಗಿಸುತ್ತಾರೆ.

ಹೇಳಿ ಕಳಿಸುವುದು ಇಷ್ಟು. ಊರಿನ ಚಹಾ ಅಂಗಡಿಯಲ್ಲಿ ಕೂತು ಪಾಳಿಯ ವಿಷಯ ಮಾತಾಡಬಾರದು. ಯಾರಾದರೂ ಮೊಬೈಲ್ ರೀಚಾರ್ಜ್ ಮಾಡಿಸಿಕೊಡುತ್ತೇನೆ ಎಂದರೆ ಬೇಡ ಎನ್ನಬೇಕು, ಆ ದಂಧೆ ಅಲ್ಲಿಂದಲೇ ಶುರುವಾಗುವುದು. ಗೇಟಿನಲ್ಲಿ ಮುದುಕರು ನಿಂತಿದ್ದರೆ ಮೊದಲು ಅವರ ಕಾರ್ಡ್ ನೋಡಿ ಬಿಡಬೇಕು, ಬಿಸಿಲಲ್ಲಿ ನಿಲ್ಲಿಸಬಾರದು; ಮುಂದೊಂದು ರಾತ್ರಿ ‘ಆ ಕಡೆ ಹೊಸಬರು ಬಂದಿದ್ದಾರೆ ಬಾಬು’ ಎಂದು ಬಂದು ಹೇಳುವವರು ಅವರೇ. ಮತ್ತೆ ಬಂಗಾಳಿ ಕಲಿಯಲಿ. ಟ್ರೇನಿಂಗ್ ಮುಗಿಯುವುದರೊಳಗೆ ‘ಕೊಥಾಯ್ ಜಾಚ್ಛೇನ್’, ಎಲ್ಲಿಗೆ ಹೊರಟಿರಿ, ಎಂದು ಮರ್ಯಾದೆಯಿಂದ ಕೇಳಲು ಬಂದರೆ ಸಾಕು, ಉಳಿದದ್ದು ಅಲ್ಲಿನ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತ ತಾನಾಗಿ ಬರುತ್ತದೆ.